ಹಾಂಗ್‌ಕಾಂಗಿನ ದಾವೋ ಗುಡಿಗೆ ಹೋಗುವುದು ಹೇಗೆ? ಊದುಬತ್ತಿಯಿಂದ ಶಕುನದ ಕಡ್ಡಿಯವರೆಗೆ

ಊರಿನಿಂದ ಯಾರೇ ಹಾಂಗ್‌ಕಾಂಗಿಗೆ ಬರಲಿ, ಎರಡು ಮೂರು ದಿನ ಕಳೆಯುವಷ್ಟರಲ್ಲಿ ಅದೇ ಪ್ರಶ್ನೆಗಳು ಶುರುವಾಗುತ್ತವೆ. ಆ ಕೆಂಪು ಕಂಬದ ಗುಡಿ ಬೌದ್ಧರದ್ದಾ? ನಾವು ಒಳಗೆ ಹೋಗಬಹುದಾ? ಚಪ್ಪಲಿ ಎಲ್ಲಿ ಬಿಡೋದು? ಡಬ್ಬಿಯಲ್ಲಿ ಕಡ್ಡಿ ಅಲ್ಲಾಡಿಸಿ ಭವಿಷ್ಯ ಕೇಳ್ತಾರಂತಲ್ಲ, ನಮಗೂ ಹೇಳ್ತಾರಾ? ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ಈ ಗುಡಿಗಳಿಗೆ ಜನ ಸಾಮಾನ್ಯವಾಗಿ ಏನೋ ಒಂದು ವಿಷಯ ಇಟ್ಟುಕೊಂಡು ಬರುತ್ತಾರೆ. ಮಗನ ಪರೀಕ್ಷೆ, ಅಮ್ಮನ ಆಪರೇಷನ್, ಹೊಸ ಅಂಗಡಿ. ದೇವರಿಗೆ ಹೆಸರು ಹೇಳುತ್ತಾರೆ, ಹುಟ್ಟಿದ ದಿನ ಹೇಳುತ್ತಾರೆ, ಮನೆಯ ವಿಳಾಸ ಹೇಳುತ್ತಾರೆ. ಯಾವ ಎಸ್ಟೇಟು, ಎಷ್ಟನೇ ಮಹಡಿ, ಫ್ಲಾಟ್ ನಂಬರ್ ಎಷ್ಟು, ಎಲ್ಲಾ. ಒಂದೇ ಕಟ್ಟಡದಲ್ಲಿ ನಲವತ್ತು ಮಹಡಿ ಇರುವ ಊರಿನಲ್ಲಿ ದೇವರಿಗಾದರೂ ಮನೆ ಸಿಗಬೇಕಲ್ಲ! ನೀವೂ ಒಂದು ವಿಷಯ ಇಟ್ಟುಕೊಂಡು ಹೋಗಿ. ಸುಮ್ನೆ ಫೋಟೋಗೆ ಹೋದರೆ ಹೊಗೆ ಕುಡಿದು ವಾಪಸ್ ಬರುತ್ತೀರಿ.

ಮೊದಲು ನಾಲ್ಕು ಪದ

ದಾವೋ ಅಂದರೆ ದಾರಿ, ಚೀನಾದ ಒಂದು ಹಳೆಯ ಪಂಥದ ಹೆಸರೂ ಅದೇ. ತಾವೋ ಅಂತಲೂ ಬರೆಯುತ್ತಾರೆ. ಲಾವೋತ್ಸು ಎಂಬ ಹಳೆಯ ಜ್ಞಾನಿಯನ್ನು ಈ ಪಂಥದವರು ದೇವರ ಸ್ಥಾನದಲ್ಲಿಟ್ಟಿದ್ದಾರೆ. ಆದರೆ ನಗರದ ಗುಡಿಯಲ್ಲಿ ನಿಮಗೆ ತತ್ವಶಾಸ್ತ್ರ ಕಾಣುವುದಿಲ್ಲ, ದೇವರುಗಳು ಕಾಣುತ್ತಾರೆ. ಅವರಲ್ಲಿ ಅನೇಕರು ಹಿಂದೆ ಮನುಷ್ಯರಾಗಿದ್ದವರು ಎಂಬ ನಂಬಿಕೆ. ಒಬ್ಬ ಕುರಿ ಕಾಯುವ ಹುಡುಗ, ಒಬ್ಬ ಸೇನಾಪತಿ, ಕಡಲತೀರದ ಒಬ್ಬ ಹುಡುಗಿ. ಸತ್ತ ವೀರ ದೈವವಾಗುವುದು ನಮಗೇನು ಹೊಸದಲ್ಲ, ಅಲ್ವಾ?

ಮಿಯು ಅಂದರೆ ಬೀದಿಯ ಗುಡಿ, ಎಲ್ಲರೂ ಬಂದು ಹೋಗುವಂಥದ್ದು. ಕೂನ್ ಅಂದರೆ ದಾವೋ ಪಂಥದ ಮಠ. ಅಲ್ಲಿ ದೀಕ್ಷೆ ತೆಗೆದುಕೊಂಡವರು ಇರುತ್ತಾರೆ, ನಿತ್ಯ ಪಾರಾಯಣ ಇರುತ್ತದೆ. ಮಿಯು ಜುಕ್ ಅಂದರೆ ಗುಡಿ ನೋಡಿಕೊಳ್ಳುವವರು. ಊದುಬತ್ತಿ ಮಾರುವುದು, ಬೂದಿ ತೆಗೆಯುವುದು, ಶಕುನದ ಚೀಟಿ ಕೊಡುವುದು ಅವರ ಕೆಲಸ. ಇವರು ಅರ್ಚಕರಲ್ಲ. ನಿಮ್ಮ ಪರವಾಗಿ ಮಂಗಳಾರತಿ ಎತ್ತಿ, ಗೋತ್ರ ಕೇಳಿ, ತೀರ್ಥ ಕೊಡುವವರು ಇಲ್ಲಿ ಯಾರೂ ಇಲ್ಲ. ನಿಮ್ಮ ಪೂಜೆ ನೀವೇ ಮಾಡಬೇಕು.

ಇನ್ನೊಂದು ಪದ ಕೇಳಿದರೆ ನಗು ಬರುತ್ತದೆ. ಸಾವಿನ ಮನೆಯಲ್ಲಿ, ಹಬ್ಬದಲ್ಲಿ ಬಾಡಿಗೆಗೆ ಬಂದು ವಿಧಿ ಮಾಡುವ ಪುರೋಹಿತರನ್ನು ಇಲ್ಲಿನ ಜನ ಆಡುಮಾತಿನಲ್ಲಿ 'ನಾಮ್ ಮೋ ಲೋ' ಅನ್ನುತ್ತಾರೆ. ಆ 'ನಾಮ್ ಮೋ' ನಮ್ಮ 'ನಮೋ'ನೇ. ಬೌದ್ಧ ಮಂತ್ರದ ಜೊತೆ ಚೀನಾಕ್ಕೆ ಹೋದ ಪದ ಕೊನೆಗೆ ದಾವೋ ಪುರೋಹಿತರ ಅಡ್ಡಹೆಸರಾಗಿ ನಿಂತಿದೆ.

1. ಯಾವ ಗುಡಿ ಅಂತ ತೀರ್ಮಾನಿಸಿ

ಎಲ್ಲವನ್ನೂ ಒಂದೇ ದಿನ ನೋಡಲು ಹೊರಡಬೇಡಿ. ನಿಮ್ಮ ವಿಷಯಕ್ಕೆ ತಕ್ಕ ದೇವರನ್ನು ಹುಡುಕಿ.

ಒಂದೇ ಗುಡಿಗೆ ಸಮಯ ಇದ್ದರೆ ವಾಂಗ್ ತಾಯ್ ಸಿನ್. ಕೌಲೂನ್ ಕಡೆ ಇದೆ. ಎಂಟಿಆರ್‌ನ, ಅಂದರೆ ಇಲ್ಲಿನ ಮೆಟ್ರೋದ, ಕ್ವುನ್ ಟೋಂಗ್ ಲೈನ್‌ನಲ್ಲಿ ಇದೇ ಹೆಸರಿನ ನಿಲ್ದಾಣ. ಮೇಲೆ ಬಂದರೆ ಗುಡಿ ಎದುರಿಗೇ. ವಾಂಗ್ ತಾಯ್ ಸಿನ್ ಚೀನಾದ ಝೆಜಿಯಾಂಗ್ ಪ್ರಾಂತ್ಯದ ಕುರಿ ಕಾಯುವ ಹುಡುಗ. ಹದಿನೈದನೇ ವಯಸ್ಸಿನಲ್ಲಿ ಒಬ್ಬ ಸಿದ್ಧಪುರುಷನ ಹಿಂದೆ ಹೋದ, ಕಲ್ಲುಗಳನ್ನು ಕುರಿಗಳನ್ನಾಗಿ ಮಾಡುವ ಶಕ್ತಿ ಪಡೆದ ಅನ್ನುವುದು ಕಥೆ. ಅವನ ಚಿತ್ರಪಟ 1915ರಲ್ಲಿ ಗುವಾಂಗ್‌ಡಾಂಗ್‌ನಿಂದ ಹಾಂಗ್‌ಕಾಂಗಿಗೆ ಬಂತು. ಮೊದಲು ವಾನ್ ಚಾಯ್‌ನ ಗಿಡಮೂಲಿಕೆ ಅಂಗಡಿಯಲ್ಲಿ ಇಟ್ಟಿದ್ದರು. ಇವತ್ತಿಗೂ ಇವನು ಕಾಯಿಲೆ ವಾಸಿ ಮಾಡುವ ದೇವರು. ಈಗಿನ ಜಾಗಕ್ಕೆ ಬಂದದ್ದು 1921ರಲ್ಲಿ. ಗುಡಿ ನಡೆಸುವ ಸಿಕ್ ಸಿಕ್ ಯೂನ್ ಎಂಬ ಸಂಸ್ಥೆ ಹುಟ್ಟಿದ್ದೂ ಅದೇ ವರ್ಷ. ಆ ಸಂಸ್ಥೆ 1924ರಿಂದ ಉಚಿತ ಔಷಧಿ ಕೊಡುತ್ತಾ ಬಂದಿದೆ. ಶಾಲೆಗಳು, ವೃದ್ಧರ ಮನೆಗಳು ಕೂಡ ಇವೆ. ಗುಡಿ ಸಾರ್ವಜನಿಕರಿಗೆ ಪೂರ್ತಿ ತೆರೆದದ್ದು 1956ರಲ್ಲಿ.

ಓದು, ಪರೀಕ್ಷೆ, ನೌಕರಿಯ ವಿಷಯಕ್ಕೆ ಶ್ಯೂಂಗ್ ವಾನ್‌ನ ಮಾನ್ ಮೋ ಗುಡಿ. ಹಾಲಿವುಡ್ ರಸ್ತೆಯಲ್ಲಿದೆ, 1847ರ ಸುಮಾರಿನದು. 'ಮಾನ್' ಅಂದರೆ ವಿದ್ಯೆಯ ದೇವರು, ಕೈಯಲ್ಲಿ ಕುಂಚ. 'ಮೋ' ಅಂದರೆ ಯುದ್ಧದ ದೇವರು, ಕ್ವಾನ್ ತಾಯ್, ಕೈಯಲ್ಲಿ ಕತ್ತಿ. ಈ ಕ್ವಾನ್ ತಾಯ್ ನಿಯತ್ತಿನ ದೇವರು. ಪೊಲೀಸ್ ಠಾಣೆಗಳಲ್ಲೂ ಇವನ ಪಟ ಇರುತ್ತದೆ, ರೌಡಿ ಗುಂಪುಗಳೂ ಇವನನ್ನೇ ಪೂಜಿಸುತ್ತವೆ. ಇಬ್ಬರ ಮಾತೂ ಅವನು ಕೇಳಬೇಕು, ಪಾಪ.

ಕಷ್ಟದ ಕಾಲ ತಿರುಗಲಿ ಅನ್ನುವವರಿಗೆ ಶಾ ಟಿನ್ ಕಡೆಯ ಚೆ ಕುಂಗ್. ಚೀನಾದ ಸಾಂಗ್ ರಾಜವಂಶದ ಕಾಲದ ಸೇನಾಪತಿ, ಸಾಂಕ್ರಾಮಿಕ ರೋಗ ಓಡಿಸುವವನು ಅಂತ ಹೆಸರು. ಅಲ್ಲಿ ತಾಮ್ರದ ದೊಡ್ಡ ಗಿರಗಿಟ್ಟಲೆ ಇದೆ. ಮೂರು ಸಲ ತಿರುಗಿಸಿ, ಡೋಲನ್ನು ಮೂರು ಸಲ ಬಾರಿಸುತ್ತಾರೆ. ಮಕ್ಕಳಿರುವವರು ಇಲ್ಲಿಗೇ ಹೋಗಿ, ಅವಕ್ಕೂ ಖುಷಿ.

ನಿಜವಾದ ದಾವೋ ಮಠ ನೋಡಬೇಕೆಂದರೆ ಫಾನ್‌ಲಿಂಗ್‌ನ ಫಂಗ್ ಯಿಂಗ್ ಸೀನ್ ಕೂನ್ ಅತ್ಯಂತ ಸುಲಭ. 1929ರಲ್ಲಿ ಶುರುವಾದದ್ದು, ಫಾನ್‌ಲಿಂಗ್ ನಿಲ್ದಾಣದ ಪಕ್ಕದಲ್ಲೇ ಇದೆ.

2. ದಿನ ನೋಡಿಕೊಳ್ಳಿ

ಚೀನೀ ಚಾಂದ್ರಮಾನ ತಿಂಗಳಿನ ಮೊದಲ ದಿನ ಮತ್ತು ಹದಿನೈದನೇ ದಿನ ಗುಡಿಗಳು ತುಂಬಿರುತ್ತವೆ. ಇದಕ್ಕೆ ಬೇರೆ ಕ್ಯಾಲೆಂಡರ್ ಹುಡುಕಬೇಕಿಲ್ಲ. ನಿಮ್ಮ ಅಡುಗೆಮನೆ ಗೋಡೆಯ ಕ್ಯಾಲೆಂಡರ್ ಸಾಕು. ಅವರ ಮೊದಲ ದಿನ ನಮ್ಮ ಅಮಾವಾಸ್ಯೆಯ ಹತ್ತಿರ, ಹದಿನೈದು ಹುಣ್ಣಿಮೆಯ ಹತ್ತಿರ. ಒಂದು ದಿನ ಹಿಂದೆ ಮುಂದೆ ಆಗಬಹುದು. ಜನರ ಭಕ್ತಿ ನೋಡಬೇಕೆಂದರೆ ಆ ದಿನ ಹೋಗಿ. ನೆಮ್ಮದಿಯಾಗಿ ಕೂತು ಕಡ್ಡಿ ಅಲ್ಲಾಡಿಸಬೇಕೆಂದರೆ ಆ ದಿನ ಬಿಟ್ಟು, ವಾರದ ನಡುವೆ, ಬೆಳಗ್ಗೆ ಹೋಗಿ.

ಚೀನೀ ಹೊಸ ವರ್ಷದ ಹಿಂದಿನ ರಾತ್ರಿ ವಾಂಗ್ ತಾಯ್ ಸಿನ್‌ನಲ್ಲಿ ವರ್ಷದ ಮೊದಲ ಊದುಬತ್ತಿ ಸಿಕ್ಕಿಸಲು ಸಾವಿರಾರು ಜನ ನುಗ್ಗುತ್ತಾರೆ. ಟಿವಿಯಲ್ಲಿ ನೋಡಲು ಚೆನ್ನಾಗಿರುತ್ತದೆ. ವಯಸ್ಸಾದವರನ್ನು, ಎಳೆ ಮಕ್ಕಳನ್ನು ಕರೆದುಕೊಂಡು ಖಂಡಿತ ಹೋಗಬೇಡಿ. ಎಂಟನೇ ಚಾಂದ್ರ ತಿಂಗಳಿನ 23ನೇ ದಿನ ಈ ದೇವರ ಹುಟ್ಟಿದಹಬ್ಬ. ಅವತ್ತೂ ರಶ್ ಜಾಸ್ತಿ.

ಗುಡಿಗಳು ಸಂಜೆ ಬೇಗ ಮುಚ್ಚುತ್ತವೆ. ನಮ್ಮ ಕಡೆಯವರು ತಪ್ಪುವುದೇ ಇಲ್ಲಿ. ಸಂಜೆ ದೀಪ ಹಚ್ಚಿದ ಮೇಲೆ ಹೋಗೋಣ ಅಂತ ಆರು ಗಂಟೆಗೆ ಹೊರಟು, ಮುಚ್ಚಿದ ಬಾಗಿಲು ನೋಡಿ ಬರುತ್ತಾರೆ. ಮಧ್ಯಾಹ್ನ ಮೂರರೊಳಗೆ ಗುಡಿಯಲ್ಲಿರಿ.

3. ಏನು ಒಯ್ಯಬೇಕು

ಹೆಚ್ಚೇನೂ ಬೇಡ. ಪ್ರಯಾಣಕ್ಕೆ ಆಕ್ಟೋಪಸ್ ಕಾರ್ಡ್, ಚಿಲ್ಲರೆ ಹಣ, ನೀರು. ಹಣ್ಣು ಒಯ್ಯುವುದಾದರೆ ಕಿತ್ತಳೆ, ಸೇಬು ಒಳ್ಳೆಯದು. ನಾಲ್ಕು ಬೇಡ, ಅವರಿಗೆ ನಾಲ್ಕು ಅಂದರೆ ಅಶುಭ. ಕ್ಯಾಂಟನೀಸ್ ಭಾಷೆಯಲ್ಲಿ ನಾಲ್ಕು ಮತ್ತು ಸಾವು ಎರಡೂ ಪದ ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತವೆ. ಹಣ್ಣನ್ನು ಸ್ವಲ್ಪ ಹೊತ್ತು ದೇವರ ಮುಂದಿಟ್ಟು ಆಮೇಲೆ ಮನೆಗೆ ಒಯ್ದು ತಿನ್ನಬಹುದು. ಪ್ರಸಾದದ ಹಾಗೇ.

ನಿಲ್ದಾಣದಿಂದ ಗುಡಿಯ ಬಾಗಿಲವರೆಗೆ ಊದುಬತ್ತಿ, ತಾಯಿತ, ಕೆಂಪು ಕವರ್ ಮಾರುವವರು ಮುತ್ತಿಕೊಳ್ಳುತ್ತಾರೆ. ಕೆಲವರು ಕೈಯೊಳಗೇ ತುರುಕಿ ಆಮೇಲೆ ಹಣ ಕೇಳುತ್ತಾರೆ. ಕೈ ಮುಚ್ಚಿಕೊಂಡು, ನಕ್ಕು, ಮುಂದೆ ನಡೆಯಿರಿ. ಸನ್ಯಾಸಿ ಬಟ್ಟೆ ಹಾಕಿಕೊಂಡು ರಸ್ತೆಯಲ್ಲಿ ಮಣಿಸರ ಕೊಟ್ಟು ದುಡ್ಡು ಕೇಳುವವರೂ ಇದ್ದಾರೆ. ಅವರಿಗೂ ಗುಡಿಗೂ ಸಂಬಂಧ ಇಲ್ಲ.

ಕಾಗದದ ಕಾಣಿಕೆಯ ವಿಷಯದಲ್ಲಿ ಮಾತ್ರ ಹುಷಾರು. ಸುಡುವ ಕಾಗದಗಳಲ್ಲಿ ದೇವರಿಗೆ ಬೇರೆ, ಸತ್ತವರಿಗೆ ಬೇರೆ. ದೊಡ್ಡ ದೊಡ್ಡ ಸಂಖ್ಯೆ ಬರೆದ ನೋಟಿನ ಹಾಗಿರುವುದು ಸತ್ತವರ ಖರ್ಚಿಗೆ. ನೋಡಲು ಮಜವಾಗಿದೆ ಅಂತ ಅದನ್ನು ತಂದು ದೇವರ ಮುಂದೆ ಸುಟ್ಟರೆ ಮಿಯು ಜುಕ್ ಓಡಿ ಬರುತ್ತಾರೆ. ಗೊತ್ತಿಲ್ಲದಿದ್ದರೆ ಕಾಗದದ ತಂಟೆಗೇ ಹೋಗಬೇಡಿ.

4. ಹೊಸ್ತಿಲು ದಾಟುವುದು

ಚಪ್ಪಲಿ ಬಿಡಬೇಕಿಲ್ಲ. ಹೌದು, ಬೂಟು ಹಾಕಿಕೊಂಡೇ ದೇವರ ಮುಂದೆ ಹೋಗುವುದು ಇಲ್ಲಿನ ರೂಢಿ. ನಮ್ಮ ಮನಸ್ಸಿಗೆ ಒಗ್ಗಲು ಸ್ವಲ್ಪ ಹೊತ್ತು ಬೇಕು. ಆದರೂ ಬಿಟ್ಟು ಹೋಗಬೇಡಿ. ನೆಲದ ಮೇಲೆ ಬಿಸಿ ಬೂದಿ ಬಿದ್ದಿರುತ್ತದೆ.

ಹೊಸ್ತಿಲು ಎತ್ತರ ಇರುತ್ತದೆ. ದಾಟಿ ಹೋಗಿ, ತುಳಿಯಬೇಡಿ. ಇದನ್ನು ನಮ್ಮವರಿಗೆ ಹೇಳಿಕೊಡಬೇಕಿಲ್ಲ.

ಮೂರು ಬಾಗಿಲಿದ್ದರೆ ನಡುವಿನದು ದೇವರದ್ದು. ನೀವು ಗುಡಿಗೆ ಮುಖ ಮಾಡಿ ನಿಂತಾಗ ಬಲಗಡೆಯದು ಡ್ರ್ಯಾಗನ್ ಬಾಗಿಲು, ಅದರಿಂದ ಒಳಗೆ. ಎಡಗಡೆಯದು ಹುಲಿ ಬಾಗಿಲು, ಅದರಿಂದ ಹೊರಗೆ. ವಾಂಗ್ ತಾಯ್ ಸಿನ್‌ನಲ್ಲಿ ಇದರ ತಲೆಬಿಸಿ ಇಲ್ಲ. ಮುಖ್ಯ ಗುಡಿಯ ಒಳಗೆ ಸಾರ್ವಜನಿಕರು ಹೋಗುವುದಿಲ್ಲ, ಎದುರಿನ ಜಗಲಿಯಲ್ಲೇ ಎಲ್ಲರೂ ಮಂಡಿಯೂರುವುದು.

ಜಾತಿ, ಮತ, ದೇಶ ಯಾರೂ ಕೇಳುವುದಿಲ್ಲ. ಅಸಲಿಗೆ ವಾಂಗ್ ತಾಯ್ ಸಿನ್‌ನಲ್ಲಿ ದಾವೋ ದೇವರ ಜೊತೆ ಕನ್ಫ್ಯೂಷಿಯಸ್‌ಗೂ ಜಾಗ ಇದೆ, ಬುದ್ಧನಿಗೂ ಜಾಗ ಇದೆ. ಆವರಣದಲ್ಲಿ ಲೋಹ, ಮರ, ನೀರು, ಬೆಂಕಿ, ಮಣ್ಣು ಎಂಬ ಪಂಚತತ್ವಕ್ಕೆ ಒಂದೊಂದು ಕಟ್ಟಡ. ಬೆಂಕಿಯ ಗುಡಿಯಲ್ಲಿ ಕೂತಿರುವವನು ದೀಪಂಕರ ಬುದ್ಧ. ಹೆಸರು ಕೇಳಿದರೇ ಗೊತ್ತಾಗುತ್ತದೆ ಎಲ್ಲಿಂದ ಬಂದವನು ಅಂತ. ನಮ್ಮ ಪಂಚಭೂತದ ಪಟ್ಟಿಯನ್ನು ಇದರ ಪಕ್ಕ ಇಟ್ಟು ನೋಡಿ. ಗಾಳಿ ಮತ್ತು ಆಕಾಶದ ಜಾಗದಲ್ಲಿ ಇವರಿಗೆ ಲೋಹ ಮತ್ತು ಮರ.

5. ಊದುಬತ್ತಿ

ಊದುಬತ್ತಿ ಸಿಕ್ಕಿಸುವ ಒಂದೊಂದು ಬೂದಿ ಬಟ್ಟಲಿಗೆ ಮೂರು ಕಡ್ಡಿ. ಕಟ್ಟುಗಟ್ಟಲೆ ಹಚ್ಚಿದರೆ ಜಾಸ್ತಿ ಫಲ ಅಂತ ಏನೂ ಇಲ್ಲ, ಪಕ್ಕದವರ ಕಣ್ಣಿಗೆ ಉರಿ ಅಷ್ಟೇ.

ಅಲ್ಲಿರುವ ಎಣ್ಣೆ ದೀಪದಲ್ಲಿ ಹಚ್ಚಿಕೊಳ್ಳಿ. ಉರಿಯನ್ನು ಬಾಯಿಂದ ಊದಬೇಡಿ, ಕೈ ಬೀಸಿ ಆರಿಸಿ. ಎರಡೂ ಕೈಯಲ್ಲಿ ಹಣೆಯ ಮಟ್ಟಕ್ಕೆ ಹಿಡಿದು ಮೂರು ಸಲ ತಲೆ ಬಾಗಿಸಿ. ಆಗಲೇ ಮನಸ್ಸಿನಲ್ಲಿ ಹೆಸರು, ಊರು, ವಿಷಯ ಹೇಳಿಕೊಳ್ಳಬೇಕು. ಆಮೇಲೆ ಎಡಗೈಯಿಂದ ಬೂದಿಯಲ್ಲಿ ನೇರವಾಗಿ ಸಿಕ್ಕಿಸಿ. ಎಡಗೈ ಅಂದರೆ ನಮಗೆ ಕಸಿವಿಸಿ. ಅವರ ಲೆಕ್ಕ ಬೇರೆ: ಬಲಗೈ ದಿನವಿಡೀ ಕೆಲಸ ಮಾಡಿ ಮೈಲಿಗೆಯಾದ ಕೈ, ಎಡಗೈ ಶುದ್ಧ.

ಜನ ಜಾಸ್ತಿ ಇರುವಾಗ ಉರಿಯುವ ತುದಿ ಮೇಲಕ್ಕೆ ಇರಲಿ. ಹಿಂದೆ ನಿಂತ ಮಗುವಿನ ಮುಖಕ್ಕೆ ತಾಗಿಸುವವರನ್ನು ಪ್ರತಿ ಸಲ ನೋಡುತ್ತೇನೆ. ನೈಲಾನ್ ಸೀರೆ, ತೆಳು ದುಪಟ್ಟಾ ಹಾಕಿಕೊಂಡು ಹೋಗಲೇಬೇಡಿ.

ಮಾನ್ ಮೋ ಗುಡಿಯ ಚಾವಣಿಯಲ್ಲಿ ಸುರುಳಿ ಊದುಬತ್ತಿಗಳು ತೂಗುತ್ತವೆ, ದೊಡ್ಡ ಚಕ್ಕುಲಿಯನ್ನು ನಡುವೆ ಹಿಡಿದು ಎತ್ತಿದ ಹಾಗೆ. ಒಂದೊಂದರಲ್ಲೂ ಕೊಟ್ಟವರ ಹೆಸರು ಬರೆದ ಕೆಂಪು ಚೀಟಿ. ದಿನಗಟ್ಟಲೆ ಉರಿಯುತ್ತವೆ. ನೋಡಲು ಸುಂದರ, ಆದರೆ ಬೂದಿ ತಲೆಯ ಮೇಲೆ ಉದುರುತ್ತದೆ. ಅಸ್ತಮಾ ಇರುವವರು ಬಾಗಿಲಲ್ಲೇ ನಿಂತು ಕೈ ಮುಗಿದರೆ ಸಾಕು. ಹೊಗೆಯ ಕಾಟ ಇಲ್ಲಿ ಮಾತ್ರವೇ ಅಲ್ಲ. ತೈವಾನಿನ ತೈಪೆಯ ಶಿಂಗ್ ಟಿಯಾನ್ ಕೋಂಗ್ ಎಂಬ ದೊಡ್ಡ ಗುಡಿಯವರು 2014ರಲ್ಲಿ ಊದುಬತ್ತಿಯನ್ನೇ ನಿಲ್ಲಿಸಿಬಿಟ್ಟರು. ಅಲ್ಲಿ ಈಗ ಬರಿಗೈ ಜೋಡಿಸಿದರೆ ಪೂಜೆ.

6. ಶಕುನದ ಕಡ್ಡಿ, ಅಂದರೆ ಕಾವ್ ಚಿಮ್

ಎಲ್ಲರೂ ಕೇಳುವುದು ಇದನ್ನೇ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ. 'ಕಾವ್' ಅಂದರೆ ಬೇಡುವುದು, 'ಚಿಮ್' ಅಂದರೆ ಆ ಬಿದಿರಿನ ಕಡ್ಡಿ.

ವಾಂಗ್ ತಾಯ್ ಸಿನ್‌ನಲ್ಲಿ ಒಂದು ಡಬ್ಬಿಯಲ್ಲಿ 100 ಕಡ್ಡಿ, ಪ್ರತಿಯೊಂದಕ್ಕೂ ಒಂದು ನಂಬರ್. ಡಬ್ಬಿ ತೆಗೆದುಕೊಂಡು, ಜಗಲಿಯಲ್ಲಿ ಮಂಡಿಯೂರಿ. ಮಂಡಿ ನೋವಿದ್ದರೆ ನಿಂತೇ ಮಾಡಿ, ಯಾರೂ ಏನೂ ಅನ್ನುವುದಿಲ್ಲ.

ಈಗ ಪ್ರಶ್ನೆ. ಇಲ್ಲೇ ನಮ್ಮವರು ಎಡವುವುದು. 'ನನ್ನ ಭವಿಷ್ಯ ಹೇಗಿದೆ?' ಅಂದರೆ ಉತ್ತರವೂ ಹಾಗೇ ತೇಲಿಕೊಂಡು ಬರುತ್ತದೆ. 'ಈ ವರ್ಷ ಈ ಕೆಲಸ ಬಿಟ್ಟು ಆ ಕೆಲಸಕ್ಕೆ ಸೇರಲಾ?' ಅನ್ನುವ ಹಾಗಿರಲಿ. ಒಂದು ಸಲಕ್ಕೆ ಒಂದೇ ಪ್ರಶ್ನೆ. ಮದುವೆ, ಮನೆ, ವೀಸಾ ಮೂರೂ ಕೇಳಬೇಕೆಂದರೆ ಮೂರು ಸಲ ಅಲ್ಲಾಡಿಸಬೇಕು. ಕನ್ನಡದಲ್ಲೇ ಕೇಳಿ. ಹೆಸರು, ಹುಟ್ಟಿದ ದಿನ, ವಿಳಾಸ ಹೇಳುವುದನ್ನು ಮರೆಯಬೇಡಿ.

ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಾಯಿಯನ್ನು ಸ್ವಲ್ಪ ಮುಂದಕ್ಕೆ ಓರೆ ಮಾಡಿ, ಮೊರದಲ್ಲಿ ಅಕ್ಕಿ ಕೇರುವ ಹಾಗೆ ಒಂದೇ ಲಯದಲ್ಲಿ ಅಲ್ಲಾಡಿಸಿ. ಕಡ್ಡಿಗಳು ಮೆಲ್ಲಗೆ ಮೇಲೇರುತ್ತವೆ. ಒಂದು ಹೊರಗೆ ಬೀಳುತ್ತದೆ. ಜೋರಾಗಿ ಅಲ್ಲಾಡಿಸಿದರೆ ಹತ್ತು ಬೀಳುತ್ತವೆ. ಎರಡು ಬಿದ್ದರೂ ಲೆಕ್ಕಕ್ಕಿಲ್ಲ, ಎತ್ತಿ ಹಾಕಿ ಮತ್ತೆ ಶುರು ಮಾಡಿ. ಬಿದ್ದ ಒಂದರ ನಂಬರ್ ಬರೆದುಕೊಂಡು, ಕಡ್ಡಿಯನ್ನು ಡಬ್ಬಿಗೇ ಹಾಕಿ ವಾಪಸ್ ಕೊಡಿ. ಕಡ್ಡಿಯನ್ನು ನೆನಪಿಗೆ ಅಂತ ಚೀಲಕ್ಕೆ ಹಾಕಿಕೊಂಡ ಮಹಾಶಯರೊಬ್ಬರು ನಮ್ಮ ನೆಂಟರಲ್ಲೇ ಇದ್ದಾರೆ. ದಯವಿಟ್ಟು ಬೇಡ. ಮುಂದಿನವರಿಗೆ 99ರಲ್ಲೇ ಭವಿಷ್ಯ!

ಕೆಲವು ಗುಡಿಗಳಲ್ಲಿ ಆ ಕಡ್ಡಿ ನಿಜವಾಗಿಯೂ ನಿಮ್ಮದೇನಾ ಅಂತ ಖಾತ್ರಿ ಮಾಡಿಕೊಳ್ಳುತ್ತಾರೆ. ಅದಕ್ಕೆ ಎರಡು ಅರ್ಧಚಂದ್ರದ ಮರದ ತುಂಡುಗಳು. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬು. ನೆಲಕ್ಕೆ ಹಾಕಿದಾಗ ಒಂದರ ಚಪ್ಪಟೆ, ಇನ್ನೊಂದರ ಉಬ್ಬು ಮೇಲೆ ಬಂದರೆ ಹೌದು. ಇದಕ್ಕೆ 'ಸಿಂಗ್ ಬುಯ್' ಅನ್ನುತ್ತಾರೆ. ಎರಡೂ ಚಪ್ಪಟೆ ಮೇಲಾದರೆ ದೇವರು ನಗುತ್ತಿದ್ದಾನೆ, ಪ್ರಶ್ನೆ ಸರಿಯಿಲ್ಲ, ಮತ್ತೆ ಕೇಳು. ಎರಡೂ ಉಬ್ಬು ಮೇಲಾದರೆ ಇಲ್ಲ. ದೇವರ ಬಲಗಡೆ ಹೂ ಬಿದ್ದರೆ ಆಗುತ್ತದೆ ಅಂತ ಕಾಯುವ ನಮ್ಮ ಹಳ್ಳಿಯವರಿಗೆ ಇದು ಒಂದೇ ನಿಮಿಷದಲ್ಲಿ ಅರ್ಥವಾಗುತ್ತದೆ. ವಿವರಿಸಲು ಕಷ್ಟವಾಗುವುದು ನಗರದ ಹುಡುಗರಿಗೇ.

ನಂಬರ್ ಸಿಕ್ಕ ಮೇಲೆ ಅದರ ಅರ್ಥ ಬೇಕು. ಒಂದೊಂದು ನಂಬರಿಗೂ ನಾಲ್ಕು ಸಾಲಿನ ಹಳೆಯ ಪದ್ಯ. ಪದ್ಯದ ಹಿಂದೆ ಯಾವುದೋ ರಾಜನ, ಯಾವುದೋ ವೀರನ ಕಥೆ. ಜೊತೆಗೆ ದರ್ಜೆ: ಅತ್ಯುತ್ತಮದಿಂದ ಅತಿ ಕೆಟ್ಟದ್ದರವರೆಗೆ. ಗುಡಿಯ ಪಕ್ಕದಲ್ಲೇ ಜ್ಯೋತಿಷಿಗಳ ಸಾಲು ಸಾಲು ಮಳಿಗೆ ಇದೆ. ಇಂಗ್ಲಿಷ್ ಬರುತ್ತದೆ ಅಂತ ಬೋರ್ಡ್ ಹಾಕಿಕೊಂಡವರೂ ಇದ್ದಾರೆ. ಕೂರುವ ಮೊದಲೇ ಎರಡು ವಿಷಯ ಕೇಳಿ: ಈ ಒಂದು ಕಡ್ಡಿಗೆ ಎಷ್ಟು? ಅದರಲ್ಲಿ ಎಲ್ಲಾ ಸೇರಿದೆಯಾ? ಕಡ್ಡಿ ಓದಿಸಲು ಕೂತವರನ್ನು ಅಂಗೈ, ಮುಖ, ಜಾತಕ ಅಂತ ಮುಂದಕ್ಕೆ ಎಳೆಯುವುದು ಸಾಮಾನ್ಯ. ಎದ್ದಾಗ ಬಿಲ್ಲು ಹತ್ತು ಪಟ್ಟಾಗಿರುತ್ತದೆ. ಬೇಡ ಅನ್ನಲು ಸಂಕೋಚ ಬೇಡ.

ಜ್ಯೋತಿಷಿ ಮೊದಲು ಕೇಳುವುದು 'ನಿನ್ನ ಪ್ರಶ್ನೆ ಏನಾಗಿತ್ತು?' ಅಂತಲೇ. ಒಂದೇ ಪದ್ಯ ಮದುವೆಗೆ ಒಂದು ಥರ, ವ್ಯಾಪಾರಕ್ಕೆ ಇನ್ನೊಂದು ಥರ. ನನ್ನ ಅಭಿಪ್ರಾಯ ಕೇಳಿದರೆ, ಈ ಪದ್ಧತಿಯ ಸೊಗಸು ಇಲ್ಲೇ ಇರುವುದು. ಕೂತು ಹತ್ತು ನಿಮಿಷ ಒಬ್ಬ ಅಪರಿಚಿತನ ಎದುರು ನಿಮ್ಮ ಗೊಂದಲ ಬಿಡಿಸಿ ಹೇಳುತ್ತೀರಿ. ಅರ್ಧ ಉತ್ತರ ಅಷ್ಟರಲ್ಲೇ ಸಿಕ್ಕಿರುತ್ತದೆ.

ಕೆಟ್ಟ ಕಡ್ಡಿ ಬಂದರೆ? ಹಾಂಗ್‌ಕಾಂಗಿಗೇ ಬಂದಿದೆ. ಪ್ರತಿ ಹೊಸ ವರ್ಷ ಚೆ ಕುಂಗ್ ಗುಡಿಯಲ್ಲಿ ಇಡೀ ಊರಿನ ಪರವಾಗಿ ಒಂದು ಕಡ್ಡಿ ತೆಗೆಯುತ್ತಾರೆ. 2003ರಲ್ಲಿ ಸರ್ಕಾರದ ಪ್ರತಿನಿಧಿಯ ಕೈಗೆ ಬಂದದ್ದು 83ನೇ ನಂಬರ್, ಕೆಟ್ಟ ದರ್ಜೆಯದು. ಆ ವರ್ಷವೇ ಸಾರ್ಸ್ ಹಬ್ಬಿ ಇಲ್ಲಿ 299 ಜನ ಸತ್ತರು. ಇಂದಿಗೂ ಊರಿನವರು ಆ ನಂಬರ್ ಮರೆತಿಲ್ಲ. ಆದರೆ ಸಾಮಾನ್ಯ ಜನ ಕೆಟ್ಟ ಕಡ್ಡಿಯನ್ನು ಶಾಪ ಅಂತ ತಿಳಿಯುವುದಿಲ್ಲ, ಎಚ್ಚರಿಕೆ ಅಂತ ತಿಳಿಯುತ್ತಾರೆ. ಒಳ್ಳೆಯದು ಬರುವವರೆಗೆ ಅದೇ ಪ್ರಶ್ನೆಗೆ ಮತ್ತೆ ಮತ್ತೆ ಅಲ್ಲಾಡಿಸುವುದು ಮಾತ್ರ ಮರ್ಯಾದೆ ಅಲ್ಲ.

7. ವರ್ಷದ ದೇವರು, ತಾಯ್ ಸುಯ್

ಇದು ಎಲ್ಲರಿಗೂ ಬೇಕಿಲ್ಲ. ಪಂಚಾಂಗದಲ್ಲಿ ಆಸಕ್ತಿ ಇರುವವರು ಮಾತ್ರ ಓದಿ.

ನಮಗೆ ಪ್ರಭವದಿಂದ ಅಕ್ಷಯದವರೆಗೆ 60 ಸಂವತ್ಸರ. ಇವರಿಗೂ 60 ವರ್ಷದ ಚಕ್ರ. ಪ್ರತಿ ವರ್ಷಕ್ಕೂ ಒಬ್ಬ ದೇವ ಸೇನಾಪತಿ, ಅವನೇ ತಾಯ್ ಸುಯ್. ನಮ್ಮ ಸಂವತ್ಸರಗಳಿಗೂ ಗುರುಗ್ರಹದ ಚಲನೆಗೂ ಸಂಬಂಧ ಇರುವ ಹಾಗೇ, ತಾಯ್ ಸುಯ್ ಕೂಡ ಮೂಲದಲ್ಲಿ ಗುರುಗ್ರಹಕ್ಕೆ ಎದುರು ದಿಕ್ಕಿನಲ್ಲಿ ಸುತ್ತುವ ಒಂದು ಕಲ್ಪಿತ ನಕ್ಷತ್ರ. ಅವರ ಪ್ರತಿ ವರ್ಷಕ್ಕೂ ಪಂಚತತ್ವದಲ್ಲಿ ಒಂದು, ಹನ್ನೆರಡು ಪ್ರಾಣಿಗಳಲ್ಲಿ ಒಂದು ಸೇರಿ ಹೆಸರು. 2026ರ ಯುಗಾದಿಯಿಂದ ನಮಗೆ ಪರಾಭವ, ಅವರಿಗೆ ಬೆಂಕಿಯ ಕುದುರೆ.

ನಿಮ್ಮ ಪ್ರಾಣಿ ಯಾವುದು ಅಂತ ಹೀಗೆ ಹುಡುಕಿ. ಹುಟ್ಟಿದ ಇಸವಿಯನ್ನು 12ರಿಂದ ಭಾಗಿಸಿ. ಶೇಷ 4 ಬಂದರೆ ಇಲಿ, 5 ಎತ್ತು, 6 ಹುಲಿ, 7 ಮೊಲ, 8 ಡ್ರ್ಯಾಗನ್, 9 ಹಾವು, 10 ಕುದುರೆ, 11 ಕುರಿ, 0 ಕೋತಿ, 1 ಕೋಳಿ, 2 ನಾಯಿ, 3 ಹಂದಿ. 1990ರಲ್ಲಿ ಹುಟ್ಟಿದವರಿಗೆ ಶೇಷ 10, ಅಂದರೆ ಕುದುರೆ. ಜನವರಿಯಲ್ಲಿ, ಫೆಬ್ರವರಿ ಮೊದಲ ಭಾಗದಲ್ಲಿ ಹುಟ್ಟಿದವರು ಹುಷಾರು. ಚೀನೀ ಹೊಸ ವರ್ಷಕ್ಕೆ ಮೊದಲು ಹುಟ್ಟಿದ್ದರೆ ಹಿಂದಿನ ಪ್ರಾಣಿಯೇ ನಿಮ್ಮದು. ವಾಂಗ್ ತಾಯ್ ಸಿನ್‌ನ ಅಂಗಳದಲ್ಲಿ ಹನ್ನೆರಡೂ ಪ್ರಾಣಿಗಳ ಪ್ರತಿಮೆ ಇವೆ. ಮಕ್ಕಳಿಗೆ ತಮ್ಮದನ್ನು ಹುಡುಕುವ ಆಟ.

ಆಯಾ ವರ್ಷದ ಪ್ರಾಣಿಯೇ ನಿಮ್ಮದಾಗಿದ್ದರೆ, ಇಲ್ಲವೇ ಅದಕ್ಕೆ ಎದುರಿನದಾಗಿದ್ದರೆ (ಕುದುರೆಗೆ ಎದುರು ಇಲಿ), ಆ ವರ್ಷ ತಾಯ್ ಸುಯ್ ಜೊತೆ ಕಿರಿಕಿರಿ ಅಂತ ನಂಬಿಕೆ. ನಮ್ಮಲ್ಲಿ ಶನಿ ಶಾಂತಿ ಮಾಡಿಸುವ ಹಾಗೆ ವರ್ಷದ ಆರಂಭದಲ್ಲಿ ಬಂದು ಸಮಾಧಾನ ಮಾಡುತ್ತಾರೆ. ವಾಂಗ್ ತಾಯ್ ಸಿನ್‌ನಲ್ಲಿ ಇದಕ್ಕಾಗಿಯೇ 2011ರಲ್ಲಿ ನೆಲದಡಿಯಲ್ಲಿ ಒಂದು ದೊಡ್ಡ ಸಭಾಂಗಣ ತೆರೆದರು. ಪ್ರವೇಶಕ್ಕೆ ಬೇರೆ ಶುಲ್ಕ. ಚಾವಣಿಯಲ್ಲಿ ನಕ್ಷತ್ರಗಳು, ಸುತ್ತ 60 ಸೇನಾಪತಿಗಳು, ನಡುವೆ ಅವರೆಲ್ಲರ ಮೇಲಿನ ತಾಯಿ ಡೌ ಮು. ಹಲವು ಕೈಗಳ ಈ ದೇವಿ, ಭಾರತದಿಂದ ಹೋದ ಬೌದ್ಧರ ಮರೀಚಿ ದೇವಿಯ ಜೊತೆ ಬೆರೆತುಹೋದವಳು. ಗುಡಿಯ ಹೊರಗಿನ ಹೊಗೆ, ಗದ್ದಲದಿಂದ ಇಳಿದು ಬಂದರೆ ಒಳಗೆ ಹೊಸ ಮ್ಯೂಸಿಯಂ ಹೊಕ್ಕ ಹಾಗಿರುತ್ತದೆ. ನನಗೆ ಮೇಲಿನ ಗದ್ದಲವೇ ಇಷ್ಟ, ಆದರೆ ಒಮ್ಮೆ ನೋಡಲೇಬೇಕು.

8. ಮಠದಲ್ಲಿ ಊಟ

ಸಸ್ಯಾಹಾರಿಗಳು ಇದನ್ನು ತಪ್ಪಿಸಿಕೊಳ್ಳಬೇಡಿ. ಹಾಂಗ್‌ಕಾಂಗಿನ ದೊಡ್ಡ ಕೂನ್‌ಗಳು ಚುವಾನ್‌ಜೆನ್ ಎಂಬ ಪಂಥಕ್ಕೆ ಸೇರಿದವು. ಸನ್ಯಾಸ, ಧ್ಯಾನ, ಸಸ್ಯಾಹಾರ ಆ ಪಂಥದ ನಿಯಮ. ಬೀದಿ ಗುಡಿಗಳಲ್ಲಿ ದೇವರಿಗೆ ಹುರಿದ ಹಂದಿ, ಬೇಯಿಸಿದ ಕೋಳಿ ಇಡುವುದು ಮಾಮೂಲು. ಅದನ್ನು ನೋಡಲಾಗದವರಿಗೂ ಕೂನ್ ಒಳ್ಳೆಯದು. ಫಾನ್‌ಲಿಂಗ್‌ನ ಫಂಗ್ ಯಿಂಗ್, ಟ್ಯುನ್ ಮುನ್‌ನ ಚಿಂಗ್ ಚುಂಗ್ ಕೂನ್, ಚುನ್ ವಾನ್‌ನ ಯೂನ್ ಯೂನ್ ಇನ್‌ಸ್ಟಿಟ್ಯೂಟ್, ಮೂರೂ ಕಡೆ ಸಸ್ಯಾಹಾರಿ ಊಟಕ್ಕೆ ಹೆಸರಿದೆ. ಇಂಥ ಊಟಕ್ಕೆ 'ಜಾಯ್' ಅನ್ನುತ್ತಾರೆ. ಸಂಪ್ರದಾಯದ ಪ್ರಕಾರ ಈರುಳ್ಳಿ, ಬೆಳ್ಳುಳ್ಳಿ ಕೂಡ ಇಲ್ಲ. ನಮ್ಮ ಮಠದ ಅಡುಗೆಯವರು ಮೆಚ್ಚಬೇಕು.

ತಟ್ಟೆಯಲ್ಲಿ ಮಾಂಸದ ಹಾಗೇ ಕಾಣುವ ಪದಾರ್ಥ ಬಂದರೆ ಗಾಬರಿಯಾಗಬೇಡಿ. ಗೋಧಿಯ ಅಂಟು, ಸೋಯಾದಿಂದ ಮಾಡಿದ್ದು. ಚಾಪ್‌ಸ್ಟಿಕ್‌ಗಳನ್ನು ಅನ್ನದಲ್ಲಿ ನೇರವಾಗಿ ಸಿಕ್ಕಿಸಿ ಇಡಬೇಡಿ. ಅದು ಸತ್ತವರಿಗೆ ಊದುಬತ್ತಿ ಇಟ್ಟ ಹಾಗೆ.

ಕೂನ್‌ನಲ್ಲಿ ಒಂದು ಎಚ್ಚರಿಕೆ. ಕೆಲವು ಸಭಾಂಗಣಗಳಲ್ಲಿ ಗೋಡೆ ತುಂಬ ಚಿಕ್ಕ ಚಿಕ್ಕ ಗೂಡುಗಳು, ಒಂದೊಂದರಲ್ಲೂ ಫೋಟೋ, ಹೆಸರು. ಅವು ಚಿತಾಭಸ್ಮದ ಗೂಡುಗಳು. ಹೂಳಲು ಜಾಗವಿಲ್ಲದ ಊರು ಇದು. ಬೂದಿ ಇಡಲೂ ಜಾಗ ಸಿಗುವುದು ಕಷ್ಟ. ಅಲ್ಲಿ ಯಾರೋ ತಮ್ಮ ಅಪ್ಪನ ಮುಂದೆ ನಿಂತಿರುತ್ತಾರೆ. ಕ್ಯಾಮೆರಾ ಒಳಗಿಡಿ, ದನಿ ತಗ್ಗಿಸಿ. ಉಳಿದ ಕಡೆಯೂ ಅಷ್ಟೇ: ಗೋಪುರದ, ಕಂಬದ ಫೋಟೋ ತೆಗೆಯಿರಿ, ಮಂಡಿಯೂರಿದವರ ಮುಖದ್ದು ಬೇಡ. ತೆಗೆಯಬಾರದು ಅಂತ ಬೋರ್ಡ್ ಇದ್ದರೆ ಯಾವುದೂ ಬೇಡ.

9. ವಾಪಸ್ ಬಂದು ಹೇಳುವುದು

ಟೂರಿಸ್ಟ್ ಪುಸ್ತಕಗಳು ಹೆಚ್ಚಾಗಿ ಬಿಡುವ ಹಂತ ಇದು. ಕೇಳಿಕೊಂಡದ್ದು ನಡೆದರೆ, ವರ್ಷ ಮುಗಿಯುವ ಮೊದಲು ಮತ್ತೆ ಬಂದು ದೇವರಿಗೆ ಹೇಳಬೇಕು. ಇದಕ್ಕೆ 'ವಾನ್ ಸನ್' ಅನ್ನುತ್ತಾರೆ. ಅಕ್ಷರಶಃ ದೇವರಿಗೆ ತೀರಿಸುವುದು, ಅಂದರೆ ನಮ್ಮ ಹರಕೆ ಒಪ್ಪಿಸುವುದೇ. ಹೊಸ ವರ್ಷಕ್ಕೆ ಮುಂಚಿನ ವಾರಗಳಲ್ಲಿ ಜನ ಹಣ್ಣು, ತಿಂಡಿ ಹಿಡಿದು ಇದಕ್ಕೆಂದೇ ಬರುತ್ತಾರೆ. ನಡೆಯದಿದ್ದರೂ ವರ್ಷ ಕಾಪಾಡಿದ್ದಕ್ಕೆ ಒಂದು ಮಾತು ಹೇಳಿ ಹೋಗುವವರು ಬಹಳ.

ಆದ್ದರಿಂದ ನಾಲ್ಕು ದಿನಕ್ಕೆ ಬಂದವರಿಗೆ ನನ್ನ ಸಲಹೆ: ಪ್ರಶ್ನೆ ಕೇಳಿ, ನಮಸ್ಕಾರ ಮಾಡಿ, ಹುಂಡಿಗೆ ಕೈಲಾದಷ್ಟು ಹಾಕಿ. 'ಇದು ಆದರೆ ಅದು ಕೊಡುತ್ತೇನೆ' ಅಂತ ಮಾತ್ರ ಒಪ್ಪಂದ ಮಾಡಿಕೊಳ್ಳಬೇಡಿ. ತೀರಿಸಲು ಮತ್ತೆ ವಿಮಾನ ಹತ್ತಬೇಕಾಗುತ್ತದೆ. ಇಲ್ಲವೇ ಇಲ್ಲಿರುವ ನೆಂಟರಿಗೆ ಹೇಳಬೇಕಾಗುತ್ತದೆ. ಹೋದ ಸಲ ಮೂವರ ಕಿತ್ತಳೆ ಹಣ್ಣನ್ನು ನಾನೇ ಹೊತ್ತುಕೊಂಡು ಹೋಗಿ, ಒಬ್ಬೊಬ್ಬರ ಹೆಸರು, ನಕ್ಷತ್ರ, ಮನೆ ನಂಬರ್, ಕ್ರಾಸು, ಮೇನು, ಪಿನ್‌ಕೋಡ್ ಸಮೇತ ವಾಂಗ್ ತಾಯ್ ಸಿನ್‌ಗೆ ಒಪ್ಪಿಸಿ ಬಂದೆ. ಪಕ್ಕದಲ್ಲಿ ಮಂಡಿಯೂರಿದ್ದ ಅಜ್ಜಿ ತಮ್ಮದು ಮುಗಿಸಿ, ನನ್ನ ಪಟ್ಟಿ ಮುಗಿಯುವವರೆಗೆ ನೋಡುತ್ತಾ ಕೂತಿದ್ದರು.